ನಾವು ಸರ್ಕಾರಿ ದವಾಖಾನೆಗೆ ಹೋಗೋದೇ ಇಲ್ಲ, ನಮ್ಮ ತೆರಿಗೆ ಯಾಕೆ?

ಪ್ರಶ್ನೆ: ಸರ್, ನಾನು ಸಿಂಧನೂರಿನವನು. ಬಿತ್ತನೆ ಬೀಜದ ಕಂಪನಿಯೊಂದರಲ್ಲಿ ಏರಿಯಾ ಮ್ಯಾನೇಜರ್. 2025ರ ಬಜೆಟ್‌ನಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅಂದ ಮೇಲೆ ನನಗೆ ವರ್ಷಕ್ಕೆ 80 ಸಾವಿರ ಉಳಿಯುತ್ತಿದೆ. ಅಮೆರಿಕದ ಡಲ್ಲಾಸ್‌ನಲ್ಲಿರುವ ನನ್ನ ಸೋದರಳಿಯ ಮೊನ್ನೆ ಫೋನಿನಲ್ಲಿ ಹೇಳಿದ: ಅಲ್ಲಿ ಬಡವರ ಆರೋಗ್ಯ ಯೋಜನೆಗೆ ಕತ್ತರಿ ಹಾಕಿ ಎಲ್ಲರ ತೆರಿಗೆ ಇಳಿಸಿದ್ದಾರಂತೆ. ಅವನು ‘ಛಲೋ ಆತು’ ಅಂತಾನೆ. ನನಗೂ ಅದು ತಪ್ಪು ಅಂತ ಅನಿಸುತ್ತಿಲ್ಲ. ನಮ್ಮ ಮನೆಯವರು ಯಾರೂ ಸರ್ಕಾರಿ ದವಾಖಾನೆಗೆ ಹೋಗುವುದಿಲ್ಲ. ವಿಮೆ ಮಾಡಿಸಿದ್ದೇವೆ. ನಮ್ಮ ದೇಶದಲ್ಲೂ ಹೀಗೇ ನಡೀತಿದೆಯಾ? ನಡೆದರೆ ನನ್ನಂಥವನಿಗೆ ನಷ್ಟ ಏನು?

ಉತ್ತರ: ನೀವು ಸುತ್ತಿಬಳಸದೆ ಕೇಳಿದ್ದೀರಿ, ಅದು ನನಗೆ ಹಿಡಿಸಿತು. ಬಹಳ ಜನ ಮನಸ್ಸಿನಲ್ಲಿ ಇದನ್ನೇ ಇಟ್ಟುಕೊಂಡು ಬಾಯಲ್ಲಿ ಬೇರೆ ಹೇಳುತ್ತಾರೆ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಆರೋಗ್ಯ ಇಲಾಖೆಯ ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಇದ್ದವನು, ಅದೂ ಜಾಸ್ತಿ ಕಾಲ ರಾಯಚೂರು, ಕೊಪ್ಪಳದ ಕಡೆಯೇ. ಇಂಜೆಕ್ಷನ್ ಚುಚ್ಚಿದವನಲ್ಲ, ಇಂಜೆಕ್ಷನ್ನಿನ ಬಿಲ್ಲು ಪಾಸ್ ಮಾಡಿದವನು. ಉತ್ತರವನ್ನೂ ಆ ಕುರ್ಚಿಯಲ್ಲೇ ಕೂತು ಕೊಡುತ್ತೇನೆ.

ಮೊದಲು ಡಲ್ಲಾಸಿನ ಮಾತು. ನಿಮ್ಮ ಅಳಿಯ ಹೇಳಿದ್ದು ಅರ್ಧ ಸರಿ. ಟ್ರಂಪ್ ಅವರು 2025ರ ಜುಲೈ 4ರಂದು ಸಹಿ ಹಾಕಿದ ದೊಡ್ಡ ಕಾನೂನು ಅದು. 2017ರಲ್ಲಿ ಅವರೇ ಇಳಿಸಿದ್ದ ತೆರಿಗೆಗಳು 2025ರ ಕೊನೆಗೆ ವಾಯಿದೆ ಮುಗಿದು ಮತ್ತೆ ಏರಬೇಕಿತ್ತು. ಅದನ್ನು ತಡೆದು, ಜೊತೆಗೆ ಇನ್ನಷ್ಟು ಇಳಿಸಿದರು. ಹತ್ತು ವರ್ಷಕ್ಕೆ ಇದರ ವೆಚ್ಚ ಸುಮಾರು 4.5 ಲಕ್ಷ ಕೋಟಿ ಡಾಲರ್. ಅದರಲ್ಲಿ ಒಂದು ಪಾಲನ್ನು ತುಂಬಿಕೊಳ್ಳಲು ಮೆಡಿಕೇಡ್ ಯೋಜನೆಯಿಂದ ಹತ್ತು ವರ್ಷದಲ್ಲಿ ಒಂದು ಲಕ್ಷ ಕೋಟಿ ಡಾಲರಿಗೆ ಹತ್ತಿರ ಹತ್ತಿರ ಕತ್ತರಿಸಿದರು. ಮೆಡಿಕೇಡ್ ಅಂದರೆ 1965ರಲ್ಲಿ ಶುರುವಾದ, ಬಡವರಿಗೆ ಸರ್ಕಾರವೇ ಕೊಡುವ ಆರೋಗ್ಯ ವಿಮೆ. ಉಳಿದದ್ದು? ಸಾಲ.

ಅರ್ಧ ಸರಿ ಅಂದೆನಲ್ಲ, ತಪ್ಪಿರುವುದು ‘ಎಲ್ಲರ ತೆರಿಗೆ’ ಅನ್ನುವ ಮಾತಿನಲ್ಲಿ. ಅಲ್ಲಿನ ಸಂಸತ್ತಿಗೆ ಸಿಬಿಒ ಅಂತ ತನ್ನದೇ ಲೆಕ್ಕದ ಕಚೇರಿ ಇದೆ. ಯಾವ ಪಕ್ಷದ್ದೂ ಅಲ್ಲ. ಅದು ತೆರಿಗೆ ಇಳಿತ, ಯೋಜನೆ ಕಡಿತ ಎರಡನ್ನೂ ಕೂಡಿಸಿ ನೋಡಿತು. ತೀರಾ ಕೆಳಗಿನ ಹತ್ತನೇ ಒಂದು ಪಾಲು ಜನಕ್ಕೆ ವರ್ಷಕ್ಕೆ ಸುಮಾರು 1,200 ಡಾಲರ್ ನಷ್ಟ. ತೀರಾ ಮೇಲಿನ ಹತ್ತನೇ ಒಂದು ಪಾಲಿಗೆ 13 ಸಾವಿರ ಡಾಲರಿಗಿಂತ ಜಾಸ್ತಿ ಲಾಭ. 2034ರ ಹೊತ್ತಿಗೆ ಸುಮಾರು ಒಂದು ಕೋಟಿ ಜನ ಹೊಸದಾಗಿ ವಿಮೆ ಕಳೆದುಕೊಳ್ಳುತ್ತಾರೆ ಅಂತಲೂ ಅದೇ ಕಚೇರಿ ಅಂದಾಜು ಮಾಡಿತು.

ಈಗ ಸ್ವಲ್ಪ ನಿಧಾನ ಓದಿ. ಕತ್ತರಿ ಹಾಕಿದ್ದು ಹೇಗೆ ಅನ್ನುವುದು ಎಷ್ಟು ಹಾಕಿದರು ಅನ್ನುವುದಕ್ಕಿಂತ ಮುಖ್ಯ. ‘ನಾಳೆಯಿಂದ ನಿಮಗೆ ಔಷಧಿ ಇಲ್ಲ’ ಅಂತ ಯಾವ ಸರ್ಕಾರವೂ ಹೇಳುವುದಿಲ್ಲ. ಅವರು ಒಂದು ಫಾರ್ಮು ಕೊಟ್ಟರು. ತಿಂಗಳಿಗೆ 80 ಗಂಟೆ ದುಡಿದಿದ್ದೀನಿ ಅಂತ ದಾಖಲೆ ತೋರಿಸು, ಆರು ತಿಂಗಳಿಗೊಮ್ಮೆ ನೀನು ಅರ್ಹ ಅಂತ ಮತ್ತೆ ರುಜುವಾತು ಮಾಡು ಅಂದರು. ಕೇಳಿದರೆ ನ್ಯಾಯವೇ ಅನಿಸುತ್ತೆ, ಅಲ್ವಾ? ಆದರೆ ಇದನ್ನು ಮೊದಲೇ ಒಂದು ರಾಜ್ಯ ಮಾಡಿ ನೋಡಿತ್ತು. ಅರ್ಕಾನ್ಸಾ ಅಂತ. ಅಮೆರಿಕದಲ್ಲಿ ಅತಿ ಹೆಚ್ಚು ಭತ್ತ ಬೆಳೆಯುವ ರಾಜ್ಯ, ಒಂಥರಾ ಅಲ್ಲಿನ ಸಿಂಧನೂರು ಅನ್ನಿ. 2018ರಲ್ಲಿ ಅಲ್ಲಿ ಇದೇ 80 ಗಂಟೆಯ ನಿಯಮ ತಂದರು. ದುಡಿದ ಲೆಕ್ಕವನ್ನು ಆನ್‌ಲೈನಿನಲ್ಲೇ ತುಂಬಬೇಕಿತ್ತು. ಆ ವೆಬ್‌ಸೈಟು ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿದರೆ ಬೆಳಗ್ಗೆ ಏಳಕ್ಕೇ ತೆಗೆಯುತ್ತಿದ್ದದ್ದು! ಹಗಲೆಲ್ಲ ದುಡಿದು ಬಂದವನು ರಾತ್ರಿ ಕೂತು ತುಂಬೋಣ ಅಂದರೆ ಆಗದು. ಕೆಲವೇ ತಿಂಗಳಲ್ಲಿ 18 ಸಾವಿರಕ್ಕಿಂತ ಜಾಸ್ತಿ ಜನ ವಿಮೆ ಕಳೆದುಕೊಂಡರು. ಕೆಲಸ ಮಾಡುವವರ ಸಂಖ್ಯೆ ಮಾತ್ರ ಏರಲಿಲ್ಲ. 2019ರಲ್ಲಿ ಕೋರ್ಟು ಅದನ್ನು ನಿಲ್ಲಿಸಿತು.

ಪಡಿತರ ಚೀಟಿಯ ಇ-ಕೆವೈಸಿಗೆ ಬೆರಳು ಒತ್ತಿ ಒತ್ತಿ, ಗೆರೆ ಸವೆದ ಬೆರಳನ್ನು ಮಷೀನು ಒಪ್ಪದೆ ವಾಪಸ್ ಹೋದ ಮುದುಕಿಯರನ್ನು ನೀವೂ ನೋಡಿರುತ್ತೀರಿ. ಅರ್ಕಾನ್ಸಾದ ಕಥೆ ನಮಗೆ ಅರ್ಥವಾಗದ್ದೇನಲ್ಲ.

ನಿಮ್ಮ ಅಳಿಯ ಇರುವ ಟೆಕ್ಸಸ್ಸಿನ ಬಗ್ಗೆ ಒಂದು ಮಾತು ಸೇರಿಸಿಬಿಡುತ್ತೇನೆ. ಮೆಡಿಕೇಡನ್ನು ಇನ್ನಷ್ಟು ಬಡವರಿಗೆ ವಿಸ್ತರಿಸಿ ಅಂತ 2010ರ ಕಾನೂನು ಹೇಳಿದಾಗ ಅದನ್ನು ಒಪ್ಪದ ರಾಜ್ಯಗಳಲ್ಲಿ ಅದೂ ಒಂದು. ವಿಮೆ ಇಲ್ಲದವರ ಪ್ರಮಾಣ ಅಮೆರಿಕದಲ್ಲೇ ಅಲ್ಲಿ ಜಾಸ್ತಿ. ಅವನಿಗೆ ಕಂಪನಿ ವಿಮೆ ಕೊಟ್ಟಿರುತ್ತೆ. ಕೆಲಸ ಇರುವವರೆಗೆ ಅವನಿಗೆ ಇದು ಕಣ್ಣಿಗೇ ಬೀಳುವುದಿಲ್ಲ.

ಇನ್ನು ನಮ್ಮ ದೇಶ. ಇಲ್ಲಿ ಹೀಗೇ ನಡೀತಿದೆಯಾ ಅಂತ ಕೇಳಿದ್ದೀರಿ. ನೇರವಾಗಿ ಇಲ್ಲ. ಆರೋಗ್ಯದ ದುಡ್ಡು ಕಿತ್ತು ತೆರಿಗೆ ಇಳಿಸಿದ ಕಾನೂನು ನಮ್ಮಲ್ಲಿ ಬಂದಿಲ್ಲ. ಹಾಗೆ ಬಂದಿದೆ ಅಂತ ಭಾಷಣ ಮಾಡುವವರನ್ನು ನಾನು ನಂಬುವುದಿಲ್ಲ. ನಿಮಗೆ 80 ಸಾವಿರ ಉಳಿದ ಅದೇ 2025ರ ಬಜೆಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಹಣ ಹಿಂದಿನ ಬಜೆಟ್‌ಗಿಂತ ನೂರಕ್ಕೆ ಹತ್ತರಷ್ಟು ಏರಿತ್ತು, ಹೆಚ್ಚುಕಡಿಮೆ ಒಂದು ಲಕ್ಷ ಕೋಟಿ ರೂಪಾಯಿಗೆ. ಅದನ್ನು ಒಪ್ಪಲೇಬೇಕು.

ಆದರೆ ಆ ವರ್ಷದ ಬಜೆಟ್ ಭಾಷಣದಲ್ಲಿ ಇನ್ನೊಂದು ಅಂಕಿ ಇತ್ತು. ಆದಾಯ ತೆರಿಗೆ ಇಳಿಸಿದ್ದರಿಂದ ಸರ್ಕಾರ ಬಿಟ್ಟುಕೊಟ್ಟ ಹಣ, ಅದೂ ಸುಮಾರು ಒಂದು ಲಕ್ಷ ಕೋಟಿ! ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಂಡು ನಾನು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ. ಒಂದರಿಂದ ಇನ್ನೊಂದನ್ನು ಕಿತ್ತರು ಅಂತಲ್ಲ. ಆದರೆ 140 ಕೋಟಿ ಜನರ ಆರೋಗ್ಯಕ್ಕೆ ಕೇಂದ್ರದ ಸಚಿವಾಲಯ ಇಡುವ ಇಡೀ ಗಂಟು ಎಷ್ಟು ದೊಡ್ಡದು ಅಂದರೆ, ತೆರಿಗೆ ಕಟ್ಟುವಷ್ಟು ಆದಾಯ ಇರುವವರಿಗೆ ಒಂದೇ ಸಲಕ್ಕೆ ಕೊಟ್ಟ ರಿಯಾಯಿತಿಯಷ್ಟು. ಕೇಂದ್ರ ಬಜೆಟ್ಟಿನ ನೂರು ರೂಪಾಯಿಯಲ್ಲಿ ಎರಡು ರೂಪಾಯಿಯೂ ಪೂರ್ತಿ ಬರದು.

2019ರ ಸೆಪ್ಟೆಂಬರ್ ನೆನಪಿದೆಯಾ? ಕಂಪನಿಗಳ ತೆರಿಗೆಯನ್ನು ನೂರಕ್ಕೆ 30ರಿಂದ 22ಕ್ಕೆ ಇಳಿಸಿದರು, ಹೊಸ ಕಾರ್ಖಾನೆಗಳಿಗೆ 15. ಆಗ ಬಿಟ್ಟುಕೊಟ್ಟದ್ದು ವರ್ಷಕ್ಕೆ 1.45 ಲಕ್ಷ ಕೋಟಿ ಅಂತ ಸರ್ಕಾರವೇ ಹೇಳಿತು. ಅದಕ್ಕೆ ಎರಡು ವರ್ಷ ಮುಂಚೆ, 2017ರಲ್ಲಿ, ರಾಷ್ಟ್ರೀಯ ಆರೋಗ್ಯ ನೀತಿ ಬಂದಿತ್ತು. 2025ರ ಹೊತ್ತಿಗೆ ಕೇಂದ್ರ, ರಾಜ್ಯ ಎರಡೂ ಸೇರಿ ದೇಶದ ಒಟ್ಟು ಉತ್ಪನ್ನದ ನೂರಕ್ಕೆ ಎರಡೂವರೆಯಷ್ಟನ್ನು ಆರೋಗ್ಯಕ್ಕೆ ಖರ್ಚು ಮಾಡುತ್ತೇವೆ ಅಂತ ಅದರಲ್ಲಿ ಬರೆದಿದೆ. ಕೋವಿಡ್ಡಿನ ಖರ್ಚೂ ಸೇರಿದ 2021-22ರಲ್ಲಿ ಅದು ಮುಟ್ಟಿದ್ದು 1.84ನ್ನು. ದುಡ್ಡಿಲ್ಲ ಅಂತ ಹೇಳುವ ಸರ್ಕಾರಕ್ಕೆ ಬಿಟ್ಟುಕೊಡಲು ದುಡ್ಡು ಇತ್ತು ಅನ್ನುವುದಷ್ಟೇ ನನ್ನ ತಕರಾರು.

ಇದಕ್ಕೆ ಒಂದು ಬಾಲವಿದೆ. ನಿಮ್ಮ ತೆರಿಗೆಯ ಮೇಲೆ ನೂರಕ್ಕೆ ನಾಲ್ಕರಂತೆ ‘ಆರೋಗ್ಯ ಮತ್ತು ಶಿಕ್ಷಣ ಸೆಸ್’ ಕಟ್ಟುತ್ತಿದ್ದಿರಿ, 80 ಸಾವಿರಕ್ಕೆ 3,200 ರೂಪಾಯಿ. ತೆರಿಗೆ ಸೊನ್ನೆಯಾದರೆ ಸೆಸ್ಸೂ ಸೊನ್ನೆ. ಇನ್ನು ಸೆಸ್ಸಿನ ದುಡ್ಡನ್ನು ಕೇಂದ್ರ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಿಲ್ಲ. ದವಾಖಾನೆ ನಡೆಸಬೇಕಾದ್ದು ರಾಜ್ಯ, ಆರೋಗ್ಯದ ಹೆಸರಿನಲ್ಲಿ ಎತ್ತಿದ ಸೆಸ್ಸು ಉಳಿಯುವುದು ದೆಹಲಿಯಲ್ಲಿ. ಆದಾಯ ತೆರಿಗೆಯಾದರೋ ರಾಜ್ಯಗಳ ಜೊತೆ ಹಂಚುವ ಬುಟ್ಟಿಯಲ್ಲಿ ಇರುತ್ತೆ. ಹಾಗಾಗಿ ಅದನ್ನು ಇಳಿಸಿದಾಗ ಬೆಂಗಳೂರಿಗೆ ಬರುವ ಪಾಲೂ ಇಳಿಯುತ್ತೆ. ಆ ಪಾಲೇ ಮೊದಲಿನಷ್ಟು ಇಲ್ಲ. ರಾಜ್ಯಗಳಿಗೆ ಎಷ್ಟೆಷ್ಟು ಅಂತ ಗೊತ್ತುಮಾಡುವುದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ ಕರ್ನಾಟಕದ ಭಾಗ ನೂರಕ್ಕೆ 4.713 ಇತ್ತು, 15ನೆಯದರಲ್ಲಿ 3.647ಕ್ಕೆ ಬಂತು. ಮೇಲಿನ ಕೊಡ ಸೋರಿದರೆ ಕೆಳಗಿನ ಗಡಿಗೆ ತುಂಬುವುದು ನಿಧಾನ. ರಾಯಚೂರು ಆ ಸಾಲಿನಲ್ಲಿ ಕೊನೆಯ ಗಡಿಗೆ.

ಹಾಗಾದರೆ ನಮ್ಮಲ್ಲಿ ಕಡಿತ ಎಲ್ಲಿ ಕಾಣುತ್ತೆ? ಬಜೆಟ್ ಪುಸ್ತಕದಲ್ಲಂತೂ ಕಾಣದು. ಅದು ಕಾಣುವುದು ಸ್ಟಾಕ್ ರಿಜಿಸ್ಟರಿನಲ್ಲಿ.

ಸುಮಾರು ವರ್ಷಗಳ ಹಿಂದಿನ ಮಾತು. ನಮ್ಮ ಕಡೆಯ ಒಂದು ತಾಲ್ಲೂಕು ದವಾಖಾನೆಗೆ ಲೆಕ್ಕ ತಪಾಸಣೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ನಾಟಿ ಮುಗಿದು ಕಳೆ ತೆಗೆಯುವ ಹೊತ್ತು. ಔಷಧಿ ಕೋಣೆಯಲ್ಲಿ ಫಾರ್ಮಸಿಸ್ಟ್ ಎದುರಿಗೆ ಕೂತು ರಿಜಿಸ್ಟರ್ ಟ್ಯಾಲಿ ಮಾಡುತ್ತಿದ್ದೆ. ಸಂಜೆ ಆರೂವರೆ ಇರಬೇಕು. ಹೊರಗೆ ಕಾರು ಗಕ್ಕನೆ ನಿಂತ ಸದ್ದು. ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಗಳಿಗೆ ಕೊಳಕುಮಂಡಲ ಕಡಿದಿತ್ತು. ಹೊಲದ ಯಜಮಾನರೇ ತಮ್ಮ ಕಾರಿನಲ್ಲಿ ಹಾಕಿಕೊಂಡು ಬಂದಿದ್ದರು. ಮೊದಲು ಖಾಸಗಿ ನರ್ಸಿಂಗ್ ಹೋಮ್ ಒಂದಕ್ಕೆ ಹೋಗಿದ್ದರಂತೆ. ಅಲ್ಲಿ ‘ಹಾವಿನ ಕೇಸು ಸರ್ಕಾರಿಗೇ ಒಯ್ಯಿರಿ’ ಅಂದು ಕಳಿಸಿದ್ದರು.

ಡಾಕ್ಟರು ಆಕೆಯ ರಕ್ತ ಸ್ವಲ್ಪ ತೆಗೆದು ಒಣ ಗಾಜಿನ ಕೊಳವೆಗೆ ಹಾಕಿ ಕಿಟಕಿಯ ಕಟ್ಟೆ ಮೇಲೆ ಇಟ್ಟರು. ಇಪ್ಪತ್ತು ನಿಮಿಷ ಅಲುಗಿಸಬಾರದು. ಆಮೇಲೆ ವಾಲಿಸಿ ನೋಡಬೇಕು. ಹೆಪ್ಪುಗಟ್ಟಿದ್ದರೆ ಸರಿ, ನೀರಿನಂತೆ ಹರಿದರೆ ವಿಷ ಏರಿದೆ ಅಂತ. ಆ ಇಪ್ಪತ್ತು ನಿಮಿಷ ನಾನೂ ಯಜಮಾನರೂ ಆ ಕೊಳವೆಯನ್ನೇ ನೋಡುತ್ತಾ ನಿಂತಿದ್ದೆವು. ವಾಲಿಸಿದಾಗ ಹರಿಯಿತು.

ವಿಷದ ಮದ್ದು ಪುಟ್ಟ ಬಾಟಲಿಯಲ್ಲಿ ಬಿಳಿ ಪುಡಿಯಾಗಿ ಬರುತ್ತೆ. ಒಂದೊಂದಕ್ಕೂ ಹತ್ತು ಎಂಎಲ್ ನೀರು ಹಾಕಿ ಕರಗಿಸಬೇಕು. ಕುಲುಕಿದರೆ ನೊರೆ ಬರುತ್ತೆ, ಅದಕ್ಕೇ ನರ್ಸಮ್ಮ ಅಂಗೈ ನಡುವೆ ಇಟ್ಟು ಮೆಲ್ಲಗೆ ಹೊರಳಿಸುತ್ತಿದ್ದರು. ಶುರುವಿಗೇ ಎಂಟರಿಂದ ಹತ್ತು ಬಾಟಲಿ ಬೇಕು. ನನ್ನ ಮುಂದಿದ್ದ ರಿಜಿಸ್ಟರಿನ ಬಾಕಿ ಕಾಲಂನಲ್ಲಿ ಇದ್ದದ್ದು 6.

ಆರನ್ನೂ ಹಾಕಿ ರಾಯಚೂರಿಗೆ ಕಳಿಸಿದರು. ಆಕೆ ಉಳಿದಳು. ಆದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದು ಮೂರು ಸಲ ಡಯಾಲಿಸಿಸ್ ಮಾಡಿಸಬೇಕಾಯಿತು ಅಂತ ಆಮೇಲೆ ಗೊತ್ತಾಯಿತು. ಆರು ಬಾಟಲಿ ಯಾಕೆ ಇತ್ತು? ಕದ್ದವರು ಯಾರೂ ಇಲ್ಲ. ಇಂಡೆಂಟ್ ಎರಡು ತಿಂಗಳ ಹಿಂದೆಯೇ ಹೋಗಿತ್ತು, ಸಹಿ ಸೀಲು ಎಲ್ಲ ಸರಿಯಾಗಿತ್ತು. ಆ ವರ್ಷದ ಹಣ ಕಂತಿನಲ್ಲಿ ಬರುತ್ತಿತ್ತು. ಹಿಂದಿನ ಸರಬರಾಜಿನ ಬಿಲ್ಲು ಬಾಕಿ, ಅದು ತೀರದೆ ಮುಂದಿನ ಮಾಲು ಇಲ್ಲ. ಕಡತದ ಪ್ರಕಾರ ಆ ವರ್ಷ ಆ ದವಾಖಾನೆಗೆ ಒಂದು ರೂಪಾಯಿಯೂ ಕಡಿತ ಆಗಿಲ್ಲ. ಎಷ್ಟೋ ಸಲ ಯೋಚಿಸಿದ್ದೇನೆ, ಅಂಥ ಬಿಲ್ಲುಗಳನ್ನು ‘ಅನುದಾನ ಲಭ್ಯವಿಲ್ಲ’ ಅಂತ ಷರಾ ಬರೆದು ವಾಪಸ್ ಕಳಿಸಿದವರಲ್ಲಿ ನಾನೂ ಒಬ್ಬ.

ನಿಮ್ಮ ‘ನಾವು ಹೋಗೋದೇ ಇಲ್ಲ’ ಅನ್ನುವ ಮಾತಿಗೆ ಉತ್ತರ ಈ ಕಥೆಯಲ್ಲೇ ಇದೆ. ಆ ಯಜಮಾನರ ಜೇಬಿನಲ್ಲಿ ವಿಮೆ ಕಾರ್ಡು ಇತ್ತು, ತೆರಿಗೆ ಕಟ್ಟುವ ಮನುಷ್ಯ. ಅವತ್ತು ಹಾವು ಅವರಿಗೇ ಕಡಿದಿದ್ದರೂ ಅದೇ ಆರು ಬಾಟಲಿ. ಅವರೇ ಅದನ್ನು ನನ್ನ ಹತ್ತಿರ ಹೇಳಿದರು, ಗುಟ್ಕಾ ಉಗುಳಿ ಬಂದು, ಮೆಲ್ಲಗೆ. ನೀವು ಬೀಜದ ಕಂಪನಿಯವರು, ದಿನಾ ಡೆಮೊ ಪ್ಲಾಟು ಅಂತ ಬದುವಿನ ಮೇಲೆ ನಡೆಯುವವರು. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ದವಾಖಾನೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು, ಒಳ್ಳೆಯ ಕೆಲಸ. ವರದಿಯ ಜೊತೆ ಬಾಟಲಿಯೂ ಬರಬೇಕು.

ಹಾವಿನ ಮಾತು ಬಿಡಿ. ಹೆದ್ದಾರಿಯಲ್ಲಿ ಆಕ್ಸಿಡೆಂಟ್ ಆದರೆ ಬರುವುದು 108. ನಿಮ್ಮ ಓಣಿಯಲ್ಲಿ ಡೆಂಗ್ಯೂ ಬಂದರೆ ಮನೆ ಮನೆಗೆ ಬಂದು ಡ್ರಮ್ಮಿನ ನೀರು ಚೆಲ್ಲಿಸುವುದು ಆಶಾ ಕಾರ್ಯಕರ್ತೆ. ಸೊಳ್ಳೆ ವಿಮೆ ಕಾರ್ಡು ನೋಡಿ ಕಚ್ಚುವುದಿಲ್ಲ. ಗ್ರೀಸ್ ದೇಶದಲ್ಲಿ 2010ರ ನಂತರ ಸಾಲದ ಬಿಕ್ಕಟ್ಟಿನಲ್ಲಿ ಆರೋಗ್ಯದ ಖರ್ಚನ್ನು ಜೋರಾಗಿ ಇಳಿಸಿದರು. ಅದು ತೆರಿಗೆ ಇಳಿಸಲಿಕ್ಕೆ ಮಾಡಿದ್ದಲ್ಲ, ಸಾಲ ಕೊಟ್ಟವರ ಒತ್ತಡ. ಆದರೆ ಆಗ ಏನಾಯಿತು ನೋಡಿ: ದಶಕಗಳ ಹಿಂದೆ ಮುಗಿದಿದೆ ಅಂದುಕೊಂಡಿದ್ದ ಮಲೇರಿಯಾ ಅಲ್ಲಿ ಮತ್ತೆ ಊರೊಳಗೇ ಹರಡತೊಡಗಿತು.

ಈಗ ವಿಮೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ನೂರಕ್ಕೆ 18ರ ಜಿಎಸ್‌ಟಿ ತೆಗೆದರು. ನಾನು ಅದನ್ನು ಮೆಚ್ಚುತ್ತೇನೆ, ಕಾಯಿಲೆಗೆ ಹೆದರಿ ಕಟ್ಟುವ ಹಣದ ಮೇಲೆ ತೆರಿಗೆ ಹಾಕುವುದೇ ವಿಚಿತ್ರ. ತೆರಿಗೆ ಇಳಿಸುವುದೆಲ್ಲ ಕೆಟ್ಟದ್ದು ಅಂತ ನನ್ನ ವಾದವಲ್ಲ. ಆದರೆ ವಿಮೆ ಬಿಲ್ಲು ಕಟ್ಟುತ್ತದೆ, ದವಾಖಾನೆ ಕಟ್ಟುವುದಿಲ್ಲ. ಹಾಸಿಗೆ, ಡಾಕ್ಟರು, ರಕ್ತ ನಿಧಿ ಇರುವ ಊರಿನಲ್ಲಿ ಮಾತ್ರ ಆ ಕಾರ್ಡಿಗೆ ಬೆಲೆ. ದೊಡ್ಡ ಆಪರೇಷನ್ ಅಂದರೆ ನಮ್ಮವರು ಈಗಲೂ ಹೈದರಾಬಾದು, ಬೆಂಗಳೂರು ಅಂತ ಬಸ್ಸು ಹತ್ತುತ್ತಾರೆ. ಏಮ್ಸ್ ಬೇಕು ಅಂತ ರಾಯಚೂರಿನಲ್ಲಿ 2022ರ ಮೇ 13ರಿಂದ ಧರಣಿ ಕೂತದ್ದು ಸಾವಿರ ದಿನ ದಾಟಿತು, ಅದು ಸುಮ್ಮನೆ ಅಲ್ಲ.

ಇನ್ನೊಂದು. ವಿಮೆ ಇರುವುದು ಅಡ್ಮಿಟ್ ಆದವರಿಗೆ. ಆಯುಷ್ಮಾನ್ ಕಾರ್ಡಿನ ಐದು ಲಕ್ಷವೂ ಹಾಗೇ. ಬಿಪಿ, ಶುಗರ್ ಮಾತ್ರೆಗೆ, ತಿಂಗಳ ತಿಂಗಳ ರಕ್ತ ಪರೀಕ್ಷೆಗೆ ಅದು ಬರುವುದಿಲ್ಲ. ದವಾಖಾನೆಯಲ್ಲಿ ಮಾತ್ರೆ ಇದ್ದರೆ ಪುಕ್ಕಟೆ. ಇಲ್ಲದಿದ್ದರೆ ಡಾಕ್ಟರು ‘ಹೊರಗಡೆ ತಗೋರಿ’ ಅಂತ ಚೀಟಿ ಬರೆಯುತ್ತಾರೆ. ನನ್ನ ಲೆಕ್ಕದಲ್ಲಿ ಅದೂ ಒಂದು ತೆರಿಗೆಯೇ, ರಸೀದಿ ಮಾತ್ರ ಮೆಡಿಕಲ್ ಶಾಪಿನದು. ಇಡೀ ದೇಶದ ಆರೋಗ್ಯದ ಖರ್ಚಿನಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ ನೂರಕ್ಕೆ 64 ಇತ್ತು, 2021-22ಕ್ಕೆ 39ಕ್ಕೆ ಬಂತು. ಸರ್ಕಾರ ಖರ್ಚು ಮಾಡಿದಾಗ ಜನರ ಹೊರೆ ಇಳಿಯುತ್ತೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೂ ನೂರಕ್ಕೆ 39 ಅಂದರೆ ಸಣ್ಣದಲ್ಲ. ಆ ದುಡ್ಡು ಎಲ್ಲಿಂದ ಬರುತ್ತೆ ಅಂತ ನಿಮ್ಮ ಊರಿನ ದಲ್ಲಾಳಿ ಅಂಗಡಿಯಲ್ಲಿ ಕೇಳಿ. ಸುಗ್ಗಿಗೆ ಮುಂಚೆ ಭತ್ತದ ಮೇಲೆ ಎತ್ತುವ ಮುಂಗಡ ಎಲ್ಲವೂ ಗೊಬ್ಬರಕ್ಕೇ ಹೋಗುವುದಿಲ್ಲ.

ಮತ್ತೆ ಆ ಕಳೆ ತೆಗೆಯುವ ಹೆಣ್ಣುಮಗಳ ಲೆಕ್ಕ ನೋಡಿ. ಅವಳಿಗೆ 12 ಲಕ್ಷದ ರಿಯಾಯಿತಿಯಲ್ಲಿ ಸಿಕ್ಕಿದ್ದು ಸೊನ್ನೆ, ಯಾಕಂದರೆ ಅವಳು ಆದಾಯ ತೆರಿಗೆ ಕಟ್ಟಿದವಳೇ ಅಲ್ಲ. ಹಾಗಂತ ತೆರಿಗೆಯನ್ನೇ ಕಟ್ಟದವಳಾ? ಸೋಪಿಗೆ, ಚಪ್ಪಲಿಗೆ, ಮೊಬೈಲ್ ರೀಚಾರ್ಜಿಗೆ ನಿಮ್ಮಷ್ಟೇ ದರದಲ್ಲಿ ಜಿಎಸ್‌ಟಿ ಕಟ್ಟುತ್ತಾಳೆ. ‘ತೆರಿಗೆ ಕಟ್ಟುವವರು ನಾವು’ ಅನ್ನುವ ಮಾತು ನನಗೆ ಅಷ್ಟಾಗಿ ರುಚಿಸದಿರುವುದು ಇದಕ್ಕೇ.

ತೆರಿಗೆ ಇಳಿಸಿದರೆ ವ್ಯಾಪಾರ ಕುದುರಿ, ತೆರಿಗೆ ತಾನಾಗೇ ಜಾಸ್ತಿ ಬರುತ್ತೆ ಅಂತ ನಿಮ್ಮ ಅಳಿಯ ಹೇಳಬಹುದು. ಒಮ್ಮೊಮ್ಮೆ ಬರುತ್ತೆ, ದರ ತೀರಾ ವಿಪರೀತ ಇದ್ದಾಗ. ಅಮೆರಿಕದ ಕ್ಯಾನ್ಸಾಸ್ ರಾಜ್ಯ 2012ರಲ್ಲಿ ಇದನ್ನೇ ನಂಬಿ ದೊಡ್ಡ ಮಟ್ಟದಲ್ಲಿ ಇಳಿಸಿತು. ಬೊಕ್ಕಸ ಖಾಲಿಯಾಯಿತು. 2017ರಲ್ಲಿ ಗವರ್ನರ್ ಅವರದೇ ಪಕ್ಷದ ಬಹುಮತ ಇದ್ದ ಶಾಸನಸಭೆಯೇ, ಅವರು ಬೇಡ ಅಂದರೂ, ಆ ಕಡಿತವನ್ನು ವಾಪಸ್ ತೆಗೆದುಕೊಂಡಿತು.

ನೀವು ಕೇಳಿಲ್ಲ, ಆದರೆ ಯಾರಾದರೂ ಕೇಳೇ ಕೇಳುತ್ತಾರೆ: ರಾಜ್ಯದ ಗ್ಯಾರಂಟಿಗಳು? ಅವಕ್ಕೂ ವರ್ಷಕ್ಕೆ 50 ಸಾವಿರ ಕೋಟಿಗಿಂತ ಜಾಸ್ತಿ ಹೋಗುತ್ತೆ. ದವಾಖಾನೆಯ ಖಾಲಿ ಹುದ್ದೆಗಳಿಗೆ ಕೇಂದ್ರವನ್ನೊಂದೇ ಬೈದು ರಾಜ್ಯ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಆದರೆ ಗೃಹಲಕ್ಷ್ಮಿಯ ಎರಡು ಸಾವಿರದಲ್ಲಿ ಸ್ವಲ್ಪ ಮೆಡಿಕಲ್ ಶಾಪಿಗೆ ಹೋಗುವುದನ್ನೂ ಕಂಡಿದ್ದೇನೆ. ಅದನ್ನು ಇಲ್ಲಿಗೇ ಬಿಡೋಣ.

ರಾಯಚೂರು, ಕೊಪ್ಪಳ, ಬಳ್ಳಾರಿ, ಈ ನಮ್ಮ ಮೂರು ಜಿಲ್ಲೆಗಳಿಗೆ ವಿಶೇಷವಾದ ಒಂದು ವಿಷಯ ಹೇಳಲೇಬೇಕು. ಇಲ್ಲಿ ದುಡ್ಡೇ ಇಲ್ಲ ಅನ್ನುವಂತಿಲ್ಲ. ಬಳ್ಳಾರಿಯಲ್ಲಿ ಸಂಡೂರಿನ ಗಣಿಗಳಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಬರುತ್ತೆ, ಅದರಲ್ಲಿ ಆರೋಗ್ಯ ಆದ್ಯತೆಯ ವಿಷಯ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಮಂಡಳಿಯ ಅನುದಾನವೂ ಇದೆ. ಹಾಗಿದ್ದೂ ಯಾಕೆ ಹೀಗೆ? ಸರ್ಕಾರದ ಲೆಕ್ಕದಲ್ಲಿ ಎರಡು ಶೀರ್ಷಿಕೆಗಳಿವೆ. 4210 ಅಂದರೆ ಆರೋಗ್ಯದ ಬಂಡವಾಳ ವೆಚ್ಚ: ಕಟ್ಟಡ, ದೊಡ್ಡ ಯಂತ್ರ. 2210 ಅಂದರೆ ದಿನದ ಖರ್ಚು: ಸಂಬಳ, ಔಷಧಿ, ಕರೆಂಟು, ರಿಪೇರಿ. ಇಂಥ ವಿಶೇಷ ಹಣದಲ್ಲಿ ಕಟ್ಟಡ ಎಬ್ಬಿಸುವುದು ಸಲೀಸು. ಶಂಕುಸ್ಥಾಪನೆಗೆ ಕಲ್ಲು ಬೇಕಲ್ಲ! ಮೂವತ್ತು ವರ್ಷ ಸಂಬಳ ಕೊಡಬೇಕಾದ ನರ್ಸನ್ನು ಆ ಹಣದಲ್ಲಿ ಕಾಯಂ ಮಾಡಿಕೊಳ್ಳಲು ಯಾರೂ ಧೈರ್ಯ ಮಾಡುವುದಿಲ್ಲ. ಕೈ ಬಿಗಿ ಹಿಡಿಯಬೇಕಾದಾಗ ಮೊದಲು ಸೊರಗುವುದು 2210. ಅದರಲ್ಲೂ ಕಾಯಂ ನೌಕರರ ಸಂಬಳ ಮುಟ್ಟುವಂತಿಲ್ಲ. ಉಳಿದದ್ದು ಔಷಧಿ, ರಿಪೇರಿ, ಹೊರಗುತ್ತಿಗೆಯವರ ಸಂಬಳ. ಬಿಗಿ ಆಗುವುದು ಅಲ್ಲೇ. ಹೊಸ ಬಣ್ಣದ ಕಟ್ಟಡದ ಎದುರು ಡಿ ಗ್ರೂಪ್ ನೌಕರರು ‘ಮೂರು ತಿಂಗಳ ಸಂಬಳ ಕೊಡಿ’ ಅಂತ ಕೂತಿದ್ದರೆ ಆ ಚಿತ್ರದ ಹಿಂದೆ ಈ ಎರಡು ನಂಬರುಗಳಿರುತ್ತವೆ.

ಇನ್ನೂ ಕಣ್ಣಿಗೆ ಬೀಳದ ಖರ್ಚೊಂದಿದೆ: ಔಷಧಿ ಸರಿಯಿದೆಯಾ ಅಂತ ಪರೀಕ್ಷೆ ಮಾಡುವ ಲ್ಯಾಬು, ಡ್ರಗ್ ಇನ್‌ಸ್ಪೆಕ್ಟರುಗಳು. ಅದಕ್ಕೆ ಉದ್ಘಾಟನೆ ಇಲ್ಲ, ಫೋಟೋ ಇಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಹೋದರು. ಅನುಮಾನ ಬಂದದ್ದು ಡ್ರಿಪ್ಪಿಗೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು. ಆ ಸಾವುಗಳಿಗೆ ಬಜೆಟ್ಟೇ ಕಾರಣ ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳುವುದು ತಪ್ಪು. ತಪಾಸಣೆ ಅನ್ನುವುದು ಎಷ್ಟು ಬೆಲೆ ಬಾಳುತ್ತದೆ ಅಂತ ಗೊತ್ತಾಗುವುದು ಅದು ಇಲ್ಲದಿದ್ದಾಗಲೇ ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಸರಿ, ನಿಮಗೆ ನಷ್ಟ ಏನು ಅಂತ ಕೇಳಿದ್ದಿರಿ. ಈ ವರ್ಷ ನಷ್ಟವಿಲ್ಲ, 80 ಸಾವಿರ ಲಾಭವೇ. ಅದನ್ನು ವಾಪಸ್ ಕೊಡಿ ಅಂತ ಯಾರೂ ಕೇಳುತ್ತಿಲ್ಲ. ಮಧ್ಯಮ ವರ್ಗದವರಿಗೆ ಬಿಟ್ಟದ್ದಕ್ಕಿಂತ ನನಗೆ 2019ರಲ್ಲಿ ಕಂಪನಿಗಳಿಗೆ ಬಿಟ್ಟದ್ದರ ಮೇಲೆ, 2015ರಲ್ಲಿ ಸಂಪತ್ತು ತೆರಿಗೆಯನ್ನೇ ತೆಗೆದುಹಾಕಿದ್ದರ ಮೇಲೆ ಜಾಸ್ತಿ ಸಿಟ್ಟು. ನಷ್ಟ ಬರುವುದು ಅಡ್ಡದಾರಿಯಲ್ಲಿ. ಸರ್ಕಾರಿ ದವಾಖಾನೆ ಸೊರಗಿದರೆ ಖಾಸಗಿಯವರಿಗೆ ಹಿಡಿತ ಹಾಕುವವರೇ ಇಲ್ಲ. ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜಿನ ದವಾಖಾನೆ ರಿಮ್ಸ್‌ನಲ್ಲಿ ಸ್ಕ್ಯಾನಿಂಗ್ ಚೆನ್ನಾಗಿ ನಡೆಯುವ ದಿನ ಹೊರಗಿನ ಸೆಂಟರಿನವರು ಚೌಕಾಸಿಗೆ ಬರುತ್ತಾರೆ, ಮಷೀನು ಕೆಟ್ಟ ದಿನ ಬರುವುದಿಲ್ಲ. ಖಾಸಗಿ ಬಿಲ್ಲು ಏರಿದರೆ ಮರುವರ್ಷ ನಿಮ್ಮ ವಿಮೆಯ ಕಂತು ಏರುತ್ತೆ. ನಿಮ್ಮ ಹಳೇ ಪಾಲಿಸಿ ಕಾಗದ ತೆಗೆದು ಐದು ವರ್ಷದ ಕಂತುಗಳನ್ನು ಸಾಲಾಗಿ ಬರೆದು ನೋಡಿ. ಅಪ್ಪ ಅಮ್ಮ ಅದರಲ್ಲಿ ಸೇರಿದ್ದರೆ 80 ಸಾವಿರದಲ್ಲಿ ಎಷ್ಟು ಆ ಕಡೆಗೇ ಹೋಗುತ್ತಿದೆ ಅಂತ ನಿಮಗೇ ಗೊತ್ತಾಗುತ್ತೆ.

ನಿಮಗೆ ಆಸಕ್ತಿ ಇದ್ದರೆ ಎರಡು ಕೆಲಸ ಹೇಳುತ್ತೇನೆ. ರಾಜ್ಯ ಬಜೆಟ್ಟಿನ ಪುಸ್ತಕ ಆನ್‌ಲೈನಿನಲ್ಲಿ ಸಿಗುತ್ತೆ. ಅದರಲ್ಲಿ ಆರೋಗ್ಯ ಇಲಾಖೆಯ ಬೇಡಿಕೆ ತೆಗೆದು 2210ರ ಕೆಳಗೆ ಔಷಧಿಯ ಸಾಲು ಹುಡುಕಿ. ಬಜೆಟ್ ಅಂದಾಜು ನೋಡಿ ಖುಷಿಪಡಬೇಡಿ, ಪಕ್ಕದಲ್ಲಿ ಹಿಂದಿನ ವರ್ಷಗಳ ‘ಲೆಕ್ಕಗಳು’ ಅನ್ನುವ ಕಾಲಂ ಇರುತ್ತೆ. ನಿಜವಾಗಿ ಖರ್ಚಾದದ್ದು ಅದು. ಎರಡನೆಯದು, ಪ್ರತಿ ತಾಲ್ಲೂಕು ದವಾಖಾನೆಗೂ ಒಂದು ಆರೋಗ್ಯ ರಕ್ಷಾ ಸಮಿತಿ ಇರುತ್ತೆ. ಶಾಸಕರು, ಅಧಿಕಾರಿಗಳ ಜೊತೆ ಊರಿನವರೂ ಅದರಲ್ಲಿ ಇರುತ್ತಾರೆ. ಆ ಸಭೆ ಯಾವಾಗ ಆಯಿತು, ನಡಾವಳಿ ತೋರಿಸಿ ಅಂತ ಕೇಳಿ. ನಿಮ್ಮಂಥವರು, ಅಂಕಿ ಸಂಖ್ಯೆ ಗೊತ್ತಿದ್ದು ಇಂಗ್ಲಿಷ್ ಕಾಗದ ಓದಬಲ್ಲವರು, ‘ನಾವು ಹೋಗೋದೇ ಇಲ್ಲ’ ಅಂದುಬಿಟ್ಟರೆ ಆ ಸಭೆಯಲ್ಲಿ ಕೇಳುವವರೇ ಇರುವುದಿಲ್ಲ.

ಸಿಂಧನೂರಿನಲ್ಲಿ ಈಗ ನಾಟಿಯ ಹೊತ್ತು. ಕಂಪನಿ ಕೆಲಸದ ಮೇಲೆ ದವಾಖಾನೆ ಕಡೆ ಹೋದಾಗ ಔಷಧಿ ಕೋಣೆಯ ಕಿಟಕಿಯಲ್ಲಿ ಒಮ್ಮೆ ಕೇಳಿ, ಹಾವಿನ ಮದ್ದು ಇವತ್ತು ಎಷ್ಟು ಬಾಟಲಿ ಬಾಕಿ ಇದೆ ಅಂತ. ನನಗೂ ಬರೆದು ತಿಳಿಸಿ.